ಸರಾಸರಿ ಐದು ಕ್ವಿಂಟಲ್: ಎರಡು ಹೊಲದ ಒಂದು ಲೆಕ್ಕ

ರೈತ ಬಾಂಧವರಿಗೆ ‘ಸರಾಸರಿ’ ಎಂಬ ಮಾತು ಹೊಸದಲ್ಲ. ಸರಾಸರಿ ಮಳೆ, ಸರಾಸರಿ ಇಳುವರಿ, ಸರಾಸರಿ ಧಾರಣೆ ಎಂದು ತಲಾಠಿಯ ಕಚೇರಿಯಲ್ಲಿಯೂ ಪೇಟೆಯಲ್ಲಿಯೂ ದಿನಾಲು ಕೇಳುತ್ತೇವೆ. ಬರ ಬಿದ್ದಿತೋ ಇಲ್ಲವೋ, ಬೆಳೆವಿಮೆಯ ಹಣ ಬರುವದೋ ಇಲ್ಲವೋ ಎಂಬುದು ಕೂಡ ಈ ಒಂದು ಮಾತಿನ ಮೇಲೆ ನಿಂತಿರುತ್ತದೆ. ಇದೇ ವಿಷಯ ನಮ್ಮ ಹೈಸ್ಕೂಲ ಮಕ್ಕಳ ಪುಸ್ತಕದಲ್ಲಿ ಸಂಖ್ಯಾಶಾಸ್ತ್ರವೆಂಬ ಹೆಸರಿನಿಂದ ಬರುತ್ತದೆ. ಮಕ್ಕಳು ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಹಿರಿಯರು ಅದರ ಫಲ ಉಣ್ಣುತ್ತಾರೆ. ಇಬ್ಬರೂ ಕೂಡಿ ಕುಳಿತು ಓದಲೆಂದು ಈ ವಾರದ ಪಾಠ ಬರೆದಿದ್ದೇವೆ. ಒಂದು ಕಾಗದ, ಒಂದು ಪೆನ್ಸಿಲು ಹತ್ತಿರ ಇಟ್ಟುಕೊಳ್ಳಿರಿ.

ಎರಡು ಹೊಲ

ಜತ್ತ ತಾಲೂಕಿನ ಪೂರ್ವಕ್ಕೆ, ಉಮದಿ–ಸಂಖದ ಕಡೆಗೆ, ಹಿಂಗಾರಿ ಜೋಳವೇ ಮನೆಯ ಆಧಾರ. ಅಲ್ಲಿ ಎರಡು ಹೊಲಗಳಿವೆ ಎಂದು ಇಟ್ಟುಕೊಳ್ಳೋಣ. ಒಂದು ಆಳವಾದ ಎರೆ ಹೊಲ. ಅದು ಹಸಿಯನ್ನು ಹಿಡಿದಿಟ್ಟುಕೊಂಡು ಪೈರನ್ನು ಹೇಗೋ ದಡ ಮುಟ್ಟಿಸುತ್ತದೆ. ಇನ್ನೊಂದು ಮಡ್ಡಿಯ ಹೊಲ, ಬದಿಗೊಂದು ಬಾವಿ. ಮಳೆ ಚೆನ್ನಾದ ವರ್ಷ ಬಾವಿ ತುಂಬಿ ರಾಶಿ ದೊಡ್ಡದಾಗುವದು. ಬಾವಿ ಬತ್ತಿದ ವರ್ಷ ಕಣವೇ ಬರಿದು. ಏಳು ವರ್ಷ ಎಕರೆಗೆ ಬಂದ ಕ್ವಿಂಟಲುಗಳು ಹೀಗಿರಲಿ. (ಈ ಅಂಕೆಗಳನ್ನು ಲೆಕ್ಕ ತಿಳಿಸುವ ಸಲುವಾಗಿ ನಾವೇ ಹಿಡಿದಿದ್ದೇವೆ.)

ಎರೆ ಹೊಲ: ೪, ೫, ೫, ೬, ೫, ೪, ೬.
ಮಡ್ಡಿ ಹೊಲ: ೧, ೯, ೨, ೧೦, ೩, ೨, ೮.

ಸರಾಸರಿ

ಎಲ್ಲ ಅಂಕೆಗಳನ್ನು ಕೂಡಿಸಿ, ಎಷ್ಟು ಅಂಕೆಗಳಿವೆಯೋ ಅಷ್ಟರಿಂದ ಭಾಗಿಸಿದರೆ ಸರಾಸರಿ ಬರುತ್ತದೆ. ಎರೆ ಹೊಲದ ಮೊತ್ತ ೩೫. ಏಳರಿಂದ ಭಾಗಿಸಿದರೆ ೫. ಮಡ್ಡಿ ಹೊಲದ ಮೊತ್ತವೂ ೩೫; ಸರಾಸರಿಯೂ ೫. ಕಡತದಲ್ಲಿ ಎರಡೂ ಹೊಲ ಒಂದೇ. ಆದರೆ ವರ್ಷದ ಊಟಕ್ಕೆ ಮನೆಗೆ ೪ ಕ್ವಿಂಟಲ್ ಜೋಳ ಬೇಕೆಂದು ಹಿಡಿಯಿರಿ. ಎರಡೂ ಮನೆಗೆ ಇರುವದು ಒಂದೊಂದೇ ಎಕರೆ. ಎರೆ ಹೊಲದ ಮನೆ ಏಳು ವರ್ಷದಲ್ಲಿ ಒಮ್ಮೆಯೂ ಕಾಳು ಕೊಳ್ಳಲು ಹೋಗಲಿಲ್ಲ. ಮಡ್ಡಿ ಹೊಲದ ಮನೆಗೆ ನಾಲ್ಕು ವರ್ಷ ಕಾಳು ಸಾಲಲಿಲ್ಲ. ಆ ನಾಲ್ಕು ವರ್ಷ ಸಾಲ ಮಾಡಬೇಕು, ಇಲ್ಲವೆ ಕಬ್ಬು ಕಡಿಯಲು ಗಾಡಿ ಹತ್ತಬೇಕು. ಸರಾಸರಿ ಈ ಸಂಗತಿಯನ್ನು ಹೇಳುವದೇ ಇಲ್ಲ.

ಮಧ್ಯಾಂಕ

ಅಂಕೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿರಿ. ನಟ್ಟನಡುವೆ ನಿಂತ ಅಂಕೆಯೇ ಮಧ್ಯಾಂಕ. ಅಂಕೆಗಳು ಸಮಸಂಖ್ಯೆಯಲ್ಲಿದ್ದರೆ ನಡುವಿನ ಎರಡನ್ನು ಕೂಡಿಸಿ ಅರ್ಧ ಮಾಡಬೇಕು. ಎರೆ ಹೊಲ: ೪, ೪, ೫, ೫, ೫, ೬, ೬, ನಡುವೆ ೫. ಮಡ್ಡಿ ಹೊಲ: ೧, ೨, ೨, ೩, ೮, ೯, ೧೦, ನಡುವೆ ೩. ಈಗ ಗುಟ್ಟು ಹೊರಬಿದ್ದಿತು. ಮಡ್ಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ವರ್ಷ ಬಂದದ್ದು ೩ ಕ್ವಿಂಟಲ್ ಇಲ್ಲವೆ ಅದಕ್ಕೂ ಕಡಿಮೆ.

ಒಂದೇ ಒಂದು ದೊಡ್ಡ ಅಂಕೆ ಸರಾಸರಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮಧ್ಯಾಂಕ ಅಷ್ಟು ಸುಲಭಕ್ಕೆ ಕದಲುವದಿಲ್ಲ. ನಮ್ಮ ಮಾಡಗ್ಯಾಳ ತಳಿಯ ಕುರಿಗಳನ್ನೇ ನೋಡಿರಿ. ಐದು ಕುರಿ ಮಾರಿದವು. ನಾಲ್ಕಕ್ಕೆ ತಲಾ ೧೨,೦೦೦ ರೂಪಾಯಿ ಬಂದಿತು, ಹೆಸರುವಾಸಿ ಟಗರೊಂದಕ್ಕೆ ೨,೦೦,೦೦೦ ಬಂದಿತು ಎನ್ನೋಣ. ಮೊತ್ತ ೨,೪೮,೦೦೦, ಸರಾಸರಿ ೪೯,೬೦೦. ಆ ಬೆಲೆಗೆ ಒಂದು ಕುರಿಯೂ ಮಾರಿಲ್ಲ! ಮಧ್ಯಾಂಕ ಮಾತ್ರ ೧೨,೦೦೦. ‘ಕುರಿಗೆ ಸರಾಸರಿ ಐವತ್ತು ಸಾವಿರ’ ಎಂಬ ಮಾತು ಕೇಳಿ ಸಾಲ ತೆಗೆದು ಕುರಿ ಕಟ್ಟುವವನು ಮೊದಲು ಮಧ್ಯಾಂಕವನ್ನು ವಿಚಾರಿಸಬೇಕು.

ಬಹುಲಕ

ಹೆಚ್ಚು ಸಲ ಬರುವ ಅಂಕೆ ಬಹುಲಕ. ಎರೆ ಹೊಲದಲ್ಲಿ ೫ ಮೂರು ಸಲ ಬಂದಿದೆ. ಮಡ್ಡಿಯಲ್ಲಿ ೨ ಎರಡು ಸಲ. ಮಾರುಕಟ್ಟೆ ಸಮಿತಿಯ ದರಪಟ್ಟಿಯಲ್ಲಿ ಕಡಿಮೆ ದರ, ಹೆಚ್ಚಿನ ದರಗಳ ಜೊತೆಗೆ ‘ಸರ್ವಸಾಧಾರಣ ದರ’ ಎಂದು ಬರೆದಿರುತ್ತದಲ್ಲ, ಅದು ಬಹುಲಕದ ಜಾತಿಯದು: ಹೆಚ್ಚಿನ ಮಾಲು ಮಾರಿದ ದರ. ಬೇದಾಣಿ ತೆಗೆದುಕೊಂಡು ಸಾಂಗಲಿ ಪೇಟೆಗೆ ಹೋಗುವವರು ಹೆಚ್ಚಿನ ದರವನ್ನಷ್ಟೇ ನೋಡಿ ಹಿಗ್ಗದೆ ಈ ದರವನ್ನು ನೋಡುವದು ಒಳಿತು.

ಮರಾಠಿ ಪುಸ್ತಕ ಓದುವ ಮಕ್ಕಳಿಗೆ ಒಂದು ಸೂಚನೆ: ಅಲ್ಲಿ ಸರಾಸರಿಗೆ ‘ಮಧ್ಯ’ ಎಂದೂ, ಮಧ್ಯಾಂಕಕ್ಕೆ ‘ಮಧ್ಯಕ’ ಎಂದೂ ಹೆಸರು. ಬಹುಲಕ ಎರಡರಲ್ಲಿಯೂ ಬಹುಲಕವೇ. ಹೆಸರು ಹತ್ತಿರವಿದ್ದುದರಿಂದ ಮಧ್ಯ–ಮಧ್ಯಕಗಳಲ್ಲಿ ಗೊಂದಲವಾಗದಂತೆ ಲಕ್ಷ್ಯವಿಡಿರಿ.

ಹರವನ್ನು ಅಳೆಯುವದು

ಅಂಕೆಗಳು ಸರಾಸರಿಯ ಸುತ್ತ ಒತ್ತಾಗಿವೆಯೋ ಚೆದರಿವೆಯೋ ಎಂಬುದೇ ಹರವು. ಅದನ್ನು ಅಳೆಯುವ ಅತಿ ಸುಲಭದ ಅಳತೆ ವ್ಯಾಪ್ತಿ. ದೊಡ್ಡ ಅಂಕೆಯಲ್ಲಿ ಚಿಕ್ಕದನ್ನು ಕಳೆದರೆ ಮುಗಿಯಿತು. ಎರೆ ಹೊಲ: ೬ರಲ್ಲಿ ೪ ಕಳೆದರೆ ೨. ಮಡ್ಡಿ ಹೊಲ: ೧೦ರಲ್ಲಿ ೧ ಕಳೆದರೆ ೯. ಆದರೆ ವ್ಯಾಪ್ತಿಯು ತುದಿಯ ಎರಡೇ ಅಂಕೆಗಳನ್ನು ನೋಡುತ್ತದೆ, ನಡುವಿನವುಗಳನ್ನು ಬಿಟ್ಟುಬಿಡುತ್ತದೆ.

ಎಲ್ಲ ಅಂಕೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವದು ಮಾನಕ ವಿಚಲನೆ. ಮೊದಲು ಪ್ರತಿ ಅಂಕೆಯಿಂದ ಸರಾಸರಿಯನ್ನು ಕಳೆಯಿರಿ. ಮಡ್ಡಿ ಹೊಲಕ್ಕೆ −೪, ೪, −೩, ೫, −೨, −೩, ೩ ಎಂದು ಬರುತ್ತವೆ. ಇವನ್ನು ಹಾಗೆಯೇ ಕೂಡಿಸಿದರೆ ಸೊನ್ನೆ. ಯಾವ ಹೊಲಕ್ಕಾದರೂ ಹೀಗೆಯೇ ಆಗುವದು, ಏಕೆಂದರೆ ಸರಾಸರಿಗಿಂತ ಮೇಲಿದ್ದುದೂ ಕೆಳಗಿದ್ದುದೂ ತಕ್ಕಡಿಯಲ್ಲಿ ಸಮ ತೂಗುತ್ತವೆ. ಆದ್ದರಿಂದ ಒಂದೊಂದರ ವರ್ಗ ಮಾಡಬೇಕು: ೧೬, ೧೬, ೯, ೨೫, ೪, ೯, ೯. ಮೊತ್ತ ೮೮. ಏಳರಿಂದ ಭಾಗಿಸಿದರೆ ೧೨.೫೭, ಅದರ ವರ್ಗಮೂಲ ಸುಮಾರು ೩.೫೫. ಇದೇ ಮಾನಕ ವಿಚಲನೆ. ಎರೆ ಹೊಲಕ್ಕೆ ವರ್ಗಗಳ ಮೊತ್ತ ೪. ಏಳರಿಂದ ಭಾಗಿಸಿದರೆ ೦.೫೭, ವರ್ಗಮೂಲ ಸುಮಾರು ೦.೭೬.

ಮಾನಕ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮಾರ್ಪಿನ ಗುಣಾಂಕ. ಎರೆ ಹೊಲಕ್ಕೆ ಶೇಕಡಾ ೧೫, ಮಡ್ಡಿಗೆ ಶೇಕಡಾ ೭೧. ಜೋಳದ ಕ್ವಿಂಟಲು, ದಾಳಿಂಬೆಯ ರೂಪಾಯಿ ಹೀಗೆ ಬೇರೆ ಬೇರೆ ಮಾಪಗಳನ್ನು ಒಂದಕ್ಕೊಂದು ಹೋಲಿಸಲು ಇದು ಬಹಳ ಉಪಯೋಗದ್ದು. ಸರಾಸರಿ ಆದಾಯ ದೊಡ್ಡದಿದ್ದರೂ ಮಾರ್ಪಿನ ಗುಣಾಂಕ ಹೆಚ್ಚಿದ್ದ ಬೆಳೆಗೆ ಕೈಹಾಕುವವನು, ಕೆಟ್ಟ ವರ್ಷಕ್ಕೆಂದು ಒಳ್ಳೆಯ ವರ್ಷದ ಹಣವನ್ನು ಎತ್ತಿಡಲೇಬೇಕು.

ಮಳೆಯ ಮತ್ತು ಜಿಲ್ಲೆಯ ಸರಾಸರಿ

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯು ದೀರ್ಘಕಾಲದ ಸರಾಸರಿಗಿಂತ ಶೇಕಡಾ ೧೯ರವರೆಗೆ ಹೆಚ್ಚು ಇಲ್ಲವೆ ಕಡಿಮೆಯಾದರೂ ‘ಸಾಮಾನ್ಯ’. ೨೦ರಿಂದ ೫೯ರವರೆಗೆ ಕಡಿಮೆಯಾದರೆ ‘ಕೊರತೆ’. ಆದರೆ ಒಂದೇ ವಾರದಲ್ಲಿ ಸುರಿದು ಹಳ್ಳ ಸೇರಿದ ಮಳೆಯೂ, ಹದವರಿತು ಹತ್ತು ಸಲ ಬಂದ ಮಳೆಯೂ ಮೊತ್ತದಲ್ಲಿ ಒಂದೇ ಆಗಬಹುದು. ಪೈರಿಗೆ ಅವೆರಡೂ ಒಂದಲ್ಲ. ಊರಿನ ಹರವೂ ಹಾಗೆಯೇ. ಸಾಂಗಲಿ ಜಿಲ್ಲೆಯ ಪಶ್ಚಿಮ ತುದಿಯ ಶಿರಾಳಾ ಸಹ್ಯಾದ್ರಿಯ ಮಗ್ಗುಲಲ್ಲಿದ್ದು ಭತ್ತ ಬೆಳೆಯುತ್ತದೆ. ಪೂರ್ವದ ಜತ್ತ, ಆಟಪಾಡಿಗಳು ಮಳೆನೆರಳಿನ ಬರಸೀಮೆ. ಇವೆಲ್ಲವನ್ನೂ ಕೂಡಿಸಿ ತೆಗೆದ ಜಿಲ್ಲೆಯ ಸರಾಸರಿ ಶಿರಾಳಾದ್ದೂ ಅಲ್ಲ, ಜತ್ತದ್ದೂ ಅಲ್ಲ.

ವಿಮೆಯ ಲೆಕ್ಕ

೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ೨೦೨೦ರ ಪರಿಷ್ಕೃತ ನಿಯಮಗಳಂತೆ, ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿಯನ್ನು ಹಿಡಿದು, ಅದರ ಶೇಕಡಾ ೭೦, ೮೦ ಇಲ್ಲವೆ ೯೦ನ್ನು ‘ಉಂಬರಠಾ ಉತ್ಪನ್ನ’, ಅಂದರೆ ಹೊಸ್ತಿಲ ಇಳುವರಿ, ಎಂದು ಗೊತ್ತುಮಾಡುತ್ತಾರೆ. ಈ ವರ್ಷದ ಇಳುವರಿ ಈ ಹೊಸ್ತಿಲಿಗಿಂತ ಎಷ್ಟು ಪಾಲು ಕೆಳಗಿದೆಯೋ, ವಿಮೆ ಮೊತ್ತದ ಅಷ್ಟು ಪಾಲು ಪರಿಹಾರ. ಆದರೆ ಇಳುವರಿಯನ್ನು ನೋಡುವದು ಒಬ್ಬೊಬ್ಬರ ಹೊಲದ್ದಲ್ಲ, ಮಹಸೂಲ ಮಂಡಳದ್ದು.

ಒಂದು ಮಂಡಳದ ಏಳು ವರ್ಷದ ಇಳುವರಿ ಮೇಲಿನ ಮಡ್ಡಿ ಹೊಲದಂತೆಯೇ ಇದೆ ಎನ್ನೋಣ. ಉತ್ತಮ ಐದು: ೧೦, ೯, ೮, ೩, ೨. ಮೊತ್ತ ೩೨, ಸರಾಸರಿ ೬.೪, ಅದರ ಶೇಕಡಾ ೭೦ ಅಂದರೆ ೪.೪೮. ಈ ವರ್ಷ ಹತ್ತು ಕಡೆ ಪೈರು ಕೊಯ್ದು ತೂಗಿದರು. ನಾಲ್ಕು ಹೊಲಗಳಿಗೆ ಮ್ಹೈಸಾಳ ಏತ ನೀರಾವರಿಯ ನೀರು ಬಂದಿತ್ತು. ಅಲ್ಲಿ ತಲಾ ೯ ಕ್ವಿಂಟಲ್. ನೀರು ಕಾಣದ ಆರು ಹೊಲಗಳಲ್ಲಿ ತಲಾ ೧. ಮೊತ್ತ ೪೨, ಸರಾಸರಿ ೪.೨. ಹೊಸ್ತಿಲಿಗಿಂತ ಕಡಿಮೆಯಾದದ್ದು ೦.೨೮, ಅದು ೪.೪೮ರಲ್ಲಿ ಶೇಕಡಾ ೬.೨೫. ಎಕರೆಗೆ ೨೦,೦೦೦ ರೂಪಾಯಿ ವಿಮೆ ಇದ್ದರೆ ಬರುವದು ೧,೨೫೦. ಒಂದೇ ಕ್ವಿಂಟಲ್ ಬೆಳೆದವನಿಗೂ ಅಷ್ಟೇ, ಒಂಬತ್ತು ಬೆಳೆದವನಿಗೂ ಅಷ್ಟೇ. ಅವನ ಹೊಲವನ್ನಷ್ಟೇ ನೋಡಿದ್ದರೆ ನಷ್ಟ ಶೇಕಡಾ ೭೭ಕ್ಕೂ ಹೆಚ್ಚು. ಈ ಹತ್ತು ಹೊಲಗಳ ಮಧ್ಯಾಂಕ ೧ ಎಂಬುದನ್ನು ಮಕ್ಕಳು ತೆಗೆದು ತೋರಿಸಲಿ.

ಹೀಗೆ ಹೊಲವನ್ನು ಚೀಟಿ ಎತ್ತಿದಂತೆ ಆಯ್ದು, ಕೊಯ್ದು ತೂಗುವ ಪದ್ಧತಿ ಕೆಟ್ಟದ್ದೇನಲ್ಲ. ಸಾತಾರಾ ಜಿಲ್ಲೆಯ ಬುಧ ಗ್ರಾಮದಲ್ಲಿ ೧೯೧೧ರಲ್ಲಿ ಹುಟ್ಟಿದ ಪಾಂಡುರಂಗ ವಾಸುದೇವ ಸುಖಾತ್ಮೆಯವರೂ, ವಿ. ಜಿ. ಪಾನ್ಸೆಯವರೂ ೧೯೪೦ರ ದಶಕದಲ್ಲಿ ಅದನ್ನು ದೇಶದಲ್ಲಿ ರೂಢಿಗೆ ತಂದವರಲ್ಲಿ ಪ್ರಮುಖರು. ಕಣ್ಣಂದಾಜಿನ ಆಣೆವಾರಿಗಿಂತ ತೂಗಿದ ಕಾಳು ನಂಬಿಕೆಗೆ ಯೋಗ್ಯ. ಆದರೆ ನೀರು ಬಂದ ಊರನ್ನೂ ಬಾರದ ಊರನ್ನೂ ಒಂದೇ ಚೀಲಕ್ಕೆ ತುಂಬಿದರೆ, ಎಷ್ಟು ಸರಿಯಾಗಿ ತೂಗಿದರೂ ಬಡವನ ಪಾಲು ಕಾಣುವದಿಲ್ಲ. ಕೊಯ್ಲಿನ ಪ್ರಯೋಗ ನಡೆಯುವ ದಿನ ಊರವರು ಹೊಲದಲ್ಲಿ ಹಾಜರಿರಬೇಕು, ತೂಕವನ್ನು ಬರೆದುಕೊಳ್ಳಬೇಕು, ಗ್ರಾಮಸಭೆಯಲ್ಲಿ ಸರಾಸರಿಯ ಸಂಗಡ ಪ್ರತಿ ಹೊಲದ ಅಂಕೆಯನ್ನೂ ಓದಿ ಹೇಳಿರೆಂದು ಕೇಳಬೇಕು. ಅಂಕೆ ಕೈಯಲ್ಲಿದ್ದವನ ಅರ್ಜಿಗೆ ತೂಕ ಬರುತ್ತದೆ.

ಮನೆಯಲ್ಲಿ ಮಾಡಿ ನೋಡಿರಿ

ಮೂರನೆಯ ಹೊಲದ ಇಳುವರಿ ೩, ೭, ೪, ೬, ೫, ೩, ೭. ಇದರ ಸರಾಸರಿ, ಮಧ್ಯಾಂಕ, ಬಹುಲಕ, ವ್ಯಾಪ್ತಿ, ಮಾನಕ ವಿಚಲನೆ ತೆಗೆಯಿರಿ. ಉತ್ತರ: ಸರಾಸರಿ ೫, ಮಧ್ಯಾಂಕ ೫, ಬಹುಲಕ ಎರಡು, ೩ ಮತ್ತು ೭, ವ್ಯಾಪ್ತಿ ೪, ಮಾನಕ ವಿಚಲನೆ ಸುಮಾರು ೧.೬. ಇದು ಎರೆ ಹೊಲದಷ್ಟು ನೆಚ್ಚಿಕೆಯದಲ್ಲ, ಮಡ್ಡಿಯಷ್ಟು ಹೊಯ್ದಾಟದ್ದೂ ಅಲ್ಲ.

ಅನಂತರ ನಿಮ್ಮ ಹೊಲದ್ದೇ ವಹಿ ಹಾಕಿರಿ. ಪ್ರತಿ ವರ್ಷ ರಾಶಿಯಾದ ದಿನ ಪೈರಿನ ಹೆಸರು, ಎಕರೆ, ತೂಕ, ಮಾರಿದ ದರ ಇಷ್ಟನ್ನು ಬರೆದಿಟ್ಟರೆ ಸಾಕು. ಬರೆಯುವ ಕೆಲಸ ಹೈಸ್ಕೂಲಿಗೆ ಹೋಗುವ ಮಗಳಿಗೋ ಮಗನಿಗೋ ಇರಲಿ. ಐದಾರು ವರ್ಷ ಕಳೆದ ಮೇಲೆ ಯಾವ ಹೊಲಕ್ಕೆ ಏನು ಬಿತ್ತಬೇಕು, ಎಷ್ಟು ಕಾಳು ಹಗೇವಿನಲ್ಲಿ ಉಳಿಸಬೇಕು ಎಂಬ ಮಾತಿಗೆ ಆ ವಹಿಯೇ ಉತ್ತರ ಕೊಡುವದು.