ಎಪ್ಪತ್ತೆರಡರಲ್ಲಿ ಒಂದು ಪಾಲು

ಗೋಕಾಕದ ಮರದ ಹಣ್ಣುಗಳನ್ನು ಕಂಡು ಮೋಸಹೋಗದವರು ವಿರಳ. ಬುಟ್ಟಿಯಲ್ಲಿಟ್ಟ ಬಾಳೆ, ಮಾವು, ಬದನೆಗಳಿಗೆ ಕೈಚಾಚಿದವನಿಗೆ ಅವು ಮರದವೆಂದು ತಿಳಿಯುವುದು ಎತ್ತಿ ನೋಡಿದಾಗಲೇ. ಹಗುರವಾದ ಮರವನ್ನು ಕೆತ್ತಿ, ಉಜ್ಜಿ, ಮೇಲೆ ಲೇಪ ಕೊಟ್ಟು ಬಣ್ಣ ಹಚ್ಚುವ ಈ ಕಸಬು ಆ ಊರಿನಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಹಣ್ಣು ಕೆತ್ತುವ ಕುಶಲಿಗೆ ಅಳತೆಗೋಲಿನ ಹಂಗಿಲ್ಲ. ಮಾವಿನ ಆಕಾರ ಅವನ ಕಣ್ಣಿನಲ್ಲಿಯೂ ಅಂಗೈಯಲ್ಲಿಯೂ ನೆಲೆಸಿದೆ. ಒಂದು ಮಾವು ಇನ್ನೊಂದರಂತೆಯೇ ಇರಬೇಕೆಂಬ ನಿಯಮ ನಿಸರ್ಗದಲ್ಲಿಯೇ ಇಲ್ಲದಿರುವುದರಿಂದ, ಅರ್ಧ ಬೆರಳು ದಪ್ಪವಾದರೂ ಅದು ಮಾವೇ ಆಗಿರುತ್ತದೆ.

ವಿಮಾನದ ಮಾತು ಹಾಗಲ್ಲ. ಅದು ಮನುಷ್ಯನು ಲೆಕ್ಕ ಹಾಕಿ ಕಟ್ಟಿದ ವಸ್ತು. ಅದರ ರೆಕ್ಕೆ ಎಷ್ಟು ಅಗಲ, ಎಷ್ಟು ಹಿಂದಕ್ಕೆ ಬಾಗಿದೆ, ಬಾಲ ಎಲ್ಲಿ ನಿಂತಿದೆ ಎಂಬ ಒಂದೊಂದಕ್ಕೂ ಕಾರಣವಿದೆ. ಅಂಥ ವಸ್ತುವನ್ನು ಅಂಗೈಯಲ್ಲಿ ಹಿಡಿಯುವಷ್ಟು ಕಿರಿದಾಗಿಸಿ, ಆದರೆ ಅಂಗಾಂಗಗಳ ಪರಸ್ಪರ ಪ್ರಮಾಣ ಒಂದಿಷ್ಟೂ ಕೆಡದಂತೆ ನಿರ್ಮಿಸುವುದನ್ನು ತಮ್ಮ ಬಿಡುವಿನ ವೇಳೆಯ ಉದ್ಯೋಗವಾಗಿ ಮಾಡಿಕೊಂಡವರು ಜಗತ್ತಿನ ಹಲವು ದೇಶಗಳಲ್ಲಿದ್ದಾರೆ. ಬೆಂಗಳೂರಿನಲ್ಲಿಯೂ ಇದ್ದಾರೆ. ಅವರಲ್ಲಿ ಬಹುಮಂದಿಗೆ ಯುದ್ಧವಿಮಾನಗಳ ಮೇಲೆಯೇ ಒಲವು. ನೋಡುವವರು ಅದನ್ನು ಮಕ್ಕಳಾಟವೆಂದು ನಗುವುದುಂಟು. ಆದರೆ ಈ ಆಟದಲ್ಲಿ ಸುಳ್ಳಿಗೆ ಎಡೆಯಿಲ್ಲ.

ಇವರು ಹೆಚ್ಚಾಗಿ ಬಳಸುವ ಪ್ರಮಾಣ 1:72. ಅಂದರೆ ನಿಜವಾದ ವಿಮಾನದ 72 ಅಂಗುಲ ಮಾದರಿಯಲ್ಲಿ ಒಂದು ಅಂಗುಲವಾಗುತ್ತದೆ. ಈ ವಿಚಿತ್ರ ಸಂಖ್ಯೆಯ ಹಿಂದಿರುವುದು ಸರಳವಾದ ಲೆಕ್ಕ. ಒಂದು ಅಡಿಗೆ 12 ಅಂಗುಲ. ಆರು ಅಡಿಗೆ 72. ಆರಡಿ ಎತ್ತರದ ಆಳು ಒಂದು ಅಂಗುಲದ ಗೊಂಬೆಯಾಗಿ ವಿಮಾನದ ಪಕ್ಕದಲ್ಲಿ ನಿಲ್ಲುತ್ತಾನೆ. ಇಂಗ್ಲೆಂಡಿನಲ್ಲಿ 1930ರ ದಶಕದಲ್ಲಿ ಮರದ ಬಿಡಿಭಾಗಗಳ ಪೆಟ್ಟಿಗೆಗಳು ಈ ಪ್ರಮಾಣದಲ್ಲಿ ಮಾರಾಟಕ್ಕೆ ಬಂದವು. ಆ ದಶಕ ಮುಗಿಯುವ ಮೊದಲೇ ಪ್ಲಾಸ್ಟಿಕ್ ಕಾಲಿಟ್ಟಿತು. 1953ರಲ್ಲಿ ಏರ್‌ಫಿಕ್ಸ್ ಎಂಬ ಕಂಪನಿ ಸ್ಪಿಟ್‌ಫೈರ್ ವಿಮಾನದ ಮಾದರಿಯನ್ನು ಅಗ್ಗದ ಬೆಲೆಗೆ ಹೊರತಂದ ಮೇಲೆ ಈ ಹವ್ಯಾಸ ಸಾಮಾನ್ಯರ ಮನೆಗಳನ್ನೂ ಹೊಕ್ಕಿತು.

ಪ್ರಮಾಣ ಎಂಬುದು ಕರುಣೆಯಿಲ್ಲದ ಒಡೆಯ. ಮಾದರಿಯ ಮೈಮೇಲೆ ಒಂದು ಮಿಲಿಮೀಟರ್ ಅಗಲದ ಗೀರು ಬಿದ್ದರೆ, ಅದು ನಿಜವಾದ ವಿಮಾನದಲ್ಲಿ ಏಳು ಸೆಂಟಿಮೀಟರಿಗೂ ಮೀರಿದ ಬಿರುಕು. ಅವಸರದಲ್ಲಿ ಹಚ್ಚಿದ ಬಣ್ಣ ಅರ್ಧ ಮಿಲಿಮೀಟರ್ ದಪ್ಪವಾಗಿ ನಿಂತರೆ, ಅದು ಮೂರೂವರೆ ಸೆಂಟಿಮೀಟರ್ ದಪ್ಪದ ಗಿಲಾವು ಆಗುತ್ತದೆ. ಅಂಥ ಗಿಲಾವು ಹೊತ್ತ ವಿಮಾನ ನೆಲ ಬಿಟ್ಟು ಏಳಲಾರದು. ಆದುದರಿಂದಲೇ ಅನುಭವಿಗಳು ಬಣ್ಣವನ್ನು ನೀರಿನಂತೆ ತೆಳುವಾಗಿಸಿಕೊಂಡು, ಒಂದು ಲೇಪ ಒಣಗುವವರೆಗೆ ಕಾದು, ಮತ್ತೊಂದನ್ನು ಹಚ್ಚುತ್ತಾರೆ. ಅಂಟು ಕೂಡ ಹಾಗೆಯೇ. ಪ್ಲಾಸ್ಟಿಕ್ಕಿಗೆ ಬಳಸುವ ಅಂಟು ಎರಡು ತುಣುಕುಗಳ ಅಂಚನ್ನು ಕರಗಿಸಿ ಒಂದಾಗಿಸುತ್ತದೆ. ಹನಿ ಹೆಚ್ಚಾದರೆ ಕೂಡಿಸಬೇಕಾದ ಅಂಚಿನೊಡನೆ ಉಳಿಯಬೇಕಾದ ಗುರುತುಗಳೂ ಕರಗಿಹೋಗುತ್ತವೆ. ಕೂಡಿಸಿದ ಸಂದಿಯನ್ನು ಮೆತ್ತನೆಯ ಲಪ್ಪದಿಂದ ತುಂಬಿ, ಒಣಗಿದ ಬಳಿಕ ಉಜ್ಜುಕಾಗದದಿಂದ ಉಜ್ಜುವುದರಲ್ಲಿ ಸಂಜೆಗಳು ಕಳೆಯುತ್ತವೆ.

ಒಬ್ಬನೇ ಕುಳಿತು ಮಾಡುವ ಕೆಲಸವಾದರೂ ಇದು ಒಬ್ಬನಿಂದಲೇ ಆಗುವ ಕೆಲಸವಲ್ಲ. ರಜೆಯ ದಿನ ಒಬ್ಬರ ಮನೆಯ ಜಗಲಿಯಲ್ಲಿಯೋ ಬಾಡಿಗೆಯ ಕೊಠಡಿಯಲ್ಲಿಯೋ ಹವ್ಯಾಸಿಗಳು ಸೇರುತ್ತಾರೆ. ಕಾಲೇಜಿನ ಹುಡುಗ, ಬ್ಯಾಂಕಿನ ಗುಮಾಸ್ತ, ವೈದ್ಯ, ವಾಯುಪಡೆಯಿಂದ ನಿವೃತ್ತನಾದ ತಂತ್ರಜ್ಞ ಒಂದೇ ಮೇಜಿನ ಸುತ್ತ ಕುಳಿತಿರುತ್ತಾರೆ. ಅಲ್ಲಿ ವಯಸ್ಸಿಗೆ ಮರ್ಯಾದೆ ಉಂಟು, ಆದರೆ ತಪ್ಪಿಗೆ ರಿಯಾಯಿತಿ ಇಲ್ಲ. “ರೆಕ್ಕೆ ಬಹಳ ಚೆನ್ನಾಗಿ ಬಂದಿದೆ ಸರ್, ಆದರೆ ಎಡಗಡೆಯ ಚಕ್ರ ನೆಲ ಮುಟ್ಟುತ್ತಿಲ್ಲ” ಎಂದು ಹದಿನೇಳರ ಹುಡುಗ ಅರವತ್ತರ ಹಿರಿಯರಿಗೆ ಹೇಳಬಹುದು. ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡುತ್ತಾರೆ. ತಾನು ಮಾಡಿದ್ದರ ದೋಷ ಮಾಡಿದವನ ಕಣ್ಣಿಗೆ ಬೀಳುವುದು ಕಷ್ಟ. ಅದಕ್ಕಾಗಿಯೇ ಇನ್ನೊಂದು ಜೊತೆ ಕಣ್ಣು ಬೇಕು. ನಿವೃತ್ತ ತಂತ್ರಜ್ಞನಿರುವ ಕೂಟವಂತೂ ಭಾಗ್ಯಶಾಲಿ. ಉಳಿದವರು ಚಿತ್ರದಲ್ಲಿ ಕಂಡುದನ್ನು ಅವನು ಕೈಯಿಂದ ಮುಟ್ಟಿರುತ್ತಾನೆ. ಯಾವ ಬಾಗಿಲು ಎತ್ತ ತೆರೆಯುತ್ತಿತ್ತು, ಮೈಮೇಲಿನ ಎಣ್ಣೆಯ ಕಲೆ ಎಲ್ಲಿಂದ ಹೊರಟು ಎಲ್ಲಿಗೆ ಹರಿಯುತ್ತಿತ್ತು ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲದೆ ಅವನ ನೆನಪಿನಲ್ಲಿ ಮಾತ್ರ ಉಳಿದಿರಬಹುದು.

ಈ ಹವ್ಯಾಸಿಗಳಲ್ಲಿ ಕರ್ನಾಟಕದವರಿಗೆ ವಿಶೇಷ ಸವಾಲಾಗಿರುವ ವಿಮಾನವೊಂದುಂಟು. ಅದು ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಫ್. 24, ಅರ್ಥಾತ್ ‘ಮಾರುತ’. ಸ್ಪಿಟ್‌ಫೈರಿನ ಪೆಟ್ಟಿಗೆಗಳನ್ನು ಹತ್ತಾರು ಕಂಪನಿಗಳು ಹೊರತಂದಿವೆ. ಮಾರುತದ ಪೆಟ್ಟಿಗೆ ಅಪರೂಪ. ಆದುದರಿಂದ ನಕ್ಷೆಯನ್ನು ಮುಂದಿಟ್ಟುಕೊಂಡು ಮರದಿಂದಲೋ ಪ್ಲಾಸ್ಟಿಕ್ ಹಾಳೆಯಿಂದಲೋ ಮೊದಲಿನಿಂದ ಕಟ್ಟಬೇಕಾದ ಪ್ರಸಂಗ ಬರುತ್ತದೆ. ಹೆಸರು ಮಾತ್ರ ಈ ನಾಡಿಗೆ ಹೊಸದಲ್ಲ. ಮಾರುತನೆಂದರೆ ಗಾಳಿ, ಅವನ ಮಗ ಮಾರುತಿ. ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನಿಂದ ಹೆಸರಾದ ಕುಲಗೋಡವೇ ಮೊದಲಾಗಿ ಗೋಕಾಕ, ಹುಕ್ಕೇರಿ ಸೀಮೆಯ ಊರೂರಿನಲ್ಲಿಯೂ ಅವನ ಗುಡಿ ಉಂಟು.

ಬೆಂಗಳೂರಿನ ವಿಮಾನ ಕಾರ್ಖಾನೆ ಆರಂಭವಾದುದು 1940ರಲ್ಲಿ, ಉದ್ಯಮಿ ವಾಲಚಂದ ಹಿರಾಚಂದರ ಸಾಹಸದಿಂದ ಮತ್ತು ಮೈಸೂರು ಸರ್ಕಾರದ ನೆರವಿನಿಂದ. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿದ್ಯೆಯ ವಿಭಾಗ ತೆರೆಯಿತು. ಈ ಎರಡರಲ್ಲಿಯೂ ದುಡಿದ ಡಾ. ವಿಷ್ಣು ಮಾಧವ ಘಾಟಗೆಯವರು ಹುಟ್ಟಿದುದು ಹುಕ್ಕೇರಿಗೆ ನೆರೆಯದಾದ ಗಡಹಿಂಗ್ಲಜ ಸೀಮೆಯ ಹಸೂರು ಚಂಪು ಎಂಬ ಹಳ್ಳಿಯಲ್ಲಿ, 1908ರಲ್ಲಿ. ಜರ್ಮನಿಯ ಗಟಿಂಗೆನ್ನಿನಲ್ಲಿ ಪ್ರಾಂಟ್ಲ್ ಎಂಬ ಮಹಾ ವಿಜ್ಞಾನಿಯ ಬಳಿ ಕಲಿತು ಬಂದ ಅವರು ರೂಪಿಸಿದ ಎಚ್.ಟಿ. 2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತು. ಹಳ್ಳಿಯ ಹುಡುಗನೊಬ್ಬನ ಲೆಕ್ಕ ಆಕಾಶಕ್ಕೇರಿದ ಬಗೆ ಅದು.

ಐದು ವರ್ಷಗಳ ತರುವಾಯ, 1956ರಲ್ಲಿ, ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ತಮ್ಮ ಸಂಗಡಿಗರೊಡನೆ ಬೆಂಗಳೂರಿಗೆ ಬಂದರು. ಭಾರತದ್ದೇ ಆದ ಜೆಟ್ ಯುದ್ಧವಿಮಾನವನ್ನು ಕಟ್ಟಬೇಕಾಗಿತ್ತು. ಆ ಕೆಲಸ ನಡೆದುದೂ ಮಾದರಿಗಳ ಮೂಲಕವೇ. ಗಾಳಿಯನ್ನು ರಭಸದಿಂದ ಹಾಯಿಸುವ ಸುರಂಗದಲ್ಲಿ ವಿಮಾನದ ಕಿರುಮಾದರಿಯನ್ನಿಟ್ಟು, ಅದರ ಮೇಲೆ ಬೀಳುವ ಒತ್ತಡಗಳನ್ನು ಅಳೆಯುತ್ತಾರೆ. ಅಮೆರಿಕೆಯ ರೈಟ್ ಸಹೋದರರು 1901ರಲ್ಲಿಯೇ ಇಂಥ ಸುರಂಗವನ್ನು ಕಟ್ಟಿಕೊಂಡು ಪುಟ್ಟ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದ್ದರು. ಮಾರುತದ ಮಾದರಿಗಳು ವಿಜ್ಞಾನ ಸಂಸ್ಥೆಯ ಗಾಳಿಸುರಂಗದಲ್ಲಿ ಪರೀಕ್ಷೆಗೊಳಗಾದವು.

ಅನಂತರ ನಡೆದುದು ಇನ್ನೂ ಸ್ವಾರಸ್ಯದ ಸಂಗತಿ. ಕಾರ್ಖಾನೆಯವರು ಪೂರ್ಣ ಗಾತ್ರದ, ಅಂದರೆ 1:1 ಪ್ರಮಾಣದ ಮಾದರಿಯನ್ನು ಮರದಲ್ಲಿ ಕಟ್ಟಿದರು! ಅದಕ್ಕೆ ಎಂಜಿನ್ ಇರಲಿಲ್ಲ. 1959ರಲ್ಲಿ ಡಕೋಟ ವಿಮಾನವೊಂದು ಅದನ್ನು ಹಗ್ಗದಿಂದ ಎಳೆದುಕೊಂಡು ಮೇಲೇರಿತು. ಎತ್ತರದಲ್ಲಿ ಹಗ್ಗ ಕಳಚಿದ ಮೇಲೆ ಮರದ ಮಾರುತ ಗಾಳಿಯಲ್ಲಿ ತೇಲುತ್ತ ಕೆಳಗಿಳಿಯಿತು. ಹೀಗೆ ಹತ್ತಾರು ಬಾರಿ ಹಾರಿಸಿ, ವಿಮಾನದ ಗುಣಸ್ವಭಾವವನ್ನು ಅರಿತುಕೊಂಡರು. ಲೋಹದ ಮಾರುತ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಅದನ್ನು ನಡೆಸಿದವರು ಸುರಂಜನ್ ದಾಸ್.

ಮಾರುತಕ್ಕೆ ಬೇಕಾದಷ್ಟು ಬಲದ ಎಂಜಿನ್ ಕೊನೆಗೂ ದೊರೆಯಲಿಲ್ಲ. ನೆಚ್ಚಿಕೊಂಡಿದ್ದ ಎಂಜಿನ್ನಿನ ಕೆಲಸ ಬ್ರಿಟನ್ನಿನಲ್ಲಿ ನಡುವೆಯೇ ನಿಂತುಹೋಯಿತು. ಧ್ವನಿಯ ವೇಗವನ್ನು ಬಹಳವಾಗಿ ಮೀರಬೇಕೆಂದು ಕನಸಿದ ವಿಮಾನ ಅದರ ಅಂಚಿನಲ್ಲಿಯೇ ಉಳಿಯಿತು. ಅದನ್ನು ಉತ್ತಮಪಡಿಸುವ ಯತ್ನದಲ್ಲಿ, 1970ರ ಜನವರಿ 10ರಂದು, ಬೆಂಗಳೂರಿನಲ್ಲಿ ಮಾರುತವನ್ನು ಪರೀಕ್ಷಿಸುತ್ತಿದ್ದ ದಾಸ್ ಅಪಘಾತದಲ್ಲಿ ಮಡಿದರು. ನಗರದ ಹಳೆಯ ವಿಮಾನ ನಿಲ್ದಾಣದ ಬಳಿಯ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. ಆ ದಾರಿಯಲ್ಲಿ ನಿತ್ಯ ಓಡಾಡುವವರಲ್ಲಿ ಆ ಹೆಸರು ಯಾರದೆಂದು ಬಲ್ಲವರು ಎಷ್ಟು ಮಂದಿಯೋ! ಮರುವರ್ಷ, 1971ರ ಡಿಸೆಂಬರಿನ ಯುದ್ಧದಲ್ಲಿ, ಮಾರುತಗಳು ರಾಜಸ್ಥಾನದ ಮರುಭೂಮಿಯ ಮೇಲೆ ಹೋರಾಡಿದವು. ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದ ಮರಳಿ ಬಂದ ಪ್ರಸಂಗಗಳುಂಟು. ಒಟ್ಟು 147 ಮಾರುತಗಳು ನಿರ್ಮಾಣಗೊಂಡವು. 1990ರ ಹೊತ್ತಿಗೆ ಅವೆಲ್ಲವೂ ಸೇವೆಯಿಂದ ಹಿಂದೆ ಸರಿದಿದ್ದವು. ಸೋತ ವಿಮಾನವೆಂದು ಅದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವವರಿದ್ದಾರೆ. ಅದರ ಮಾದರಿಯನ್ನು ಒಮ್ಮೆ ಕಟ್ಟಿದವರಾರೂ ಅಷ್ಟು ಸುಲಭವಾಗಿ ಆ ಮಾತು ಆಡಲಾರರು.

ಏಕೆಂದರೆ ಕಟ್ಟುವವನು ‘ಒಂದು ಮಾರುತ’ವನ್ನು ಕಟ್ಟುವುದಿಲ್ಲ. ಯಾವ ಸಂಖ್ಯೆಯ ಮಾರುತ, ಯಾವ ದಳದ್ದು, ಯಾವ ವರ್ಷದ ರೂಪ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಬರಿಯ ಲೋಹದ ಹೊಳಪಿನಲ್ಲಿ ಹಾರಿದ ವಿಮಾನ ಮುಂದೆ ಮರೆವೇಷದ ಬಣ್ಣ ತಳೆದಿರಬಹುದು. ವಸ್ತುಸಂಗ್ರಹಾಲಯದಲ್ಲಿರುವುದನ್ನು ನೋಡಿ ಬಣ್ಣ ತೀರ್ಮಾನಿಸೋಣವೆಂದರೆ, ಅದಕ್ಕೆ ಅನಂತರ ಹೊಸ ಬಣ್ಣ ಬಳಿದಿರುವ ಸಂಭವವುಂಟು. ಹಳೆಯ ಕಪ್ಪುಬಿಳುಪು ಛಾಯಾಚಿತ್ರದಲ್ಲಿ ಹಸಿರೂ ಕಂದೂ ಒಂದೇ ಬೂದಿ. ಹೀಗೆ ಒಂದೊಂದು ಸಾಕ್ಷಿಯನ್ನೂ ತೂಗಿ ನೋಡುವಾಗ ಹವ್ಯಾಸಿ ತನಗರಿವಿಲ್ಲದೆಯೇ ಚರಿತ್ರಕಾರನ ಕೆಲಸಕ್ಕೆ ತೊಡಗಿರುತ್ತಾನೆ. ವಾಯುಪಡೆಯ ವರ್ತುಲ ಚಿಹ್ನೆಯಲ್ಲಿ ಕೇಸರಿ ಹೊರಗೆ, ಬಿಳಿ ನಡುವೆ, ಹಸಿರು ಒಳಗೆ ಇರುತ್ತದೆ. ಇದನ್ನು ತಿರುವುಮುರುವು ಬರೆದವನಿಗೆ ಕೂಟದಲ್ಲಿ ಒಂದು ವರ್ಷವಾದರೂ ಬಿಡುಗಡೆಯಿಲ್ಲ.

ಮಾರುತದ ಮೂತಿಯಲ್ಲಿ ನಾಲ್ಕು ತೋಪುಗಳಿದ್ದವು. ಒಂದೊಂದರ ಬಾಯಿ 30 ಮಿಲಿಮೀಟರ್. ಮಾದರಿಯಲ್ಲಿ ಅದು ಅರ್ಧ ಮಿಲಿಮೀಟರಿಗೂ ಕಡಮೆ. ಸೂಜಿಯ ಮೊನೆಯಿಂದ ಚುಚ್ಚಿದರೆ ಮುಗಿಯಿತು. ಅಷ್ಟು ಸಣ್ಣ ರಂಧ್ರವನ್ನು ನಾಜೂಕಾಗಿ ಕೊರೆದ ಸಂತೋಷದಲ್ಲಿ, ಅದರಿಂದ ಏನು ಹೊರಡುತ್ತಿತ್ತು, ಯಾರ ಮೇಲೆ ಬೀಳುತ್ತಿತ್ತು ಎಂಬುದು ಮರೆತುಹೋಗುವ ಅಪಾಯವಿದೆ. ಕಿರಿದಾದುದೆಲ್ಲವೂ ಮುದ್ದಾಗಿ ಕಾಣುತ್ತದೆ. ಯುದ್ಧವೂ ಅದಕ್ಕೆ ಹೊರತಲ್ಲ. ಕೆಲವು ಹವ್ಯಾಸಿಗಳು ಮಾದರಿಯ ಪಕ್ಕದಲ್ಲಿ ಒಂದು ಚೀಟಿಯನ್ನಿಟ್ಟು, ಆ ವಿಮಾನದ ಸಂಖ್ಯೆ, ದಿನಾಂಕ, ನಡೆಸಿದವನ ಹೆಸರು, ಅವನು ಮರಳಿ ಬಂದನೋ ಇಲ್ಲವೋ ಎಂಬುದನ್ನು ಬರೆದಿಡುತ್ತಾರೆ. ಈ ಪದ್ಧತಿ ಎಲ್ಲರಿಗೂ ಬಂದರೆ ಒಳ್ಳೆಯದು.

ಮಾದರಿಯ ಅಳತೆಯ ಮೇಲೆ ಮನುಷ್ಯರ ಜೀವ ನಿಂತ ಕಾಲವೂ ಒಂದಿತ್ತು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಅಮೆರಿಕೆಯ ನೌಕಾಪಡೆ ತನ್ನ ದೇಶದ ಶಾಲೆಗಳಿಂದ ಐದು ಲಕ್ಷ ವಿಮಾನ ಮಾದರಿಗಳನ್ನು ಬಯಸಿತು. ಪ್ರೌಢಶಾಲೆಯ ಮಕ್ಕಳು ನಕ್ಷೆಯಂತೆ ಮರವನ್ನು ಕೆತ್ತಿ, 1:72 ಪ್ರಮಾಣದಲ್ಲಿ ಮಾಡಿ, ಕಪ್ಪು ಬಣ್ಣ ಹಚ್ಚಿ ಕಳುಹಿಸಿದರು. ಹತ್ತು ಮೀಟರ್ ದೂರದಲ್ಲಿ ಹಿಡಿದ ಇಂಥ ಮಾದರಿ, 720 ಮೀಟರ್ ದೂರದಲ್ಲಿ ಹಾರುವ ನಿಜವಾದ ವಿಮಾನದಷ್ಟೇ ಕಾಣುತ್ತದೆ. ಅದನ್ನು ನೋಡಿ ನೋಡಿ ಸೈನಿಕರು ಮಿತ್ರರ ವಿಮಾನ ಯಾವುದು, ಶತ್ರುವಿನದು ಯಾವುದು ಎಂದು ಕ್ಷಣದಲ್ಲಿ ಗುರುತಿಸಲು ಕಲಿತರು. ರೆಕ್ಕೆಯ ಬಾಗು ತಪ್ಪಿದ ಮಾದರಿಯನ್ನು ನೋಡಿ ಕಲಿತವನು ತನ್ನವರ ಮೇಲೆಯೇ ಗುಂಡು ಹಾರಿಸಬಹುದಾಗಿತ್ತು. ಅದೇ ವರ್ಷ ಬೆಳಗಾವಿಯ ಸಾಂಬ್ರಾದಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನನೆಲೆ ಸಿದ್ಧವಾಯಿತು.

ಮಾರುತವನ್ನು ಕಣ್ಣಾರೆ ಕಾಣಬೇಕೆನ್ನುವವರು ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಕಟ್ಟಬೇಕೆನ್ನುವವರು ಅಷ್ಟು ದೂರ ಹೋಗಲೇಬೇಕೆಂದಿಲ್ಲ. ರಾಷ್ಟ್ರೀಯ ವಿದ್ಯಾರ್ಥಿ ಸೇನಾದಳದ ವಾಯು ವಿಭಾಗದಲ್ಲಿ ವಿಮಾನ ಮಾದರಿಗಳ ನಿರ್ಮಾಣವನ್ನು ಕಲಿಸುತ್ತಾರೆ. ಅದೂ ಇಲ್ಲದ ಕುಲಗೋಡದಂಥ ಊರಿನಲ್ಲಿ ಗೊಂಬೆ ಕೆತ್ತುವಂಥ ಹಗುರ ಮರದ ತುಂಡು, ರಟ್ಟು, ಉಜ್ಜುಕಾಗದ, ಹರಿತವಾದ ಚಾಕು ಸಾಕು. ಮಾರುತದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. 72ರಿಂದ ಭಾಗಿಸಿದರೆ ಮಾದರಿಯ ಉದ್ದ 22 ಸೆಂಟಿಮೀಟರ್, ಅಗಲ ಹನ್ನೆರಡೂವರೆ. ಮೇಲಿನಿಂದ, ಪಕ್ಕದಿಂದ, ಮುಂದಿನಿಂದ ನೋಡಿದ ಮೂರು ನಕ್ಷೆಗಳನ್ನು ಈ ಅಳತೆಗೆ ಬರೆದುಕೊಂಡು ರಟ್ಟಿನಲ್ಲಿ ಕತ್ತರಿಸಬೇಕು. ಮರವನ್ನು ಕೆತ್ತುತ್ತ ಹೋದಂತೆ ಆ ರಟ್ಟನ್ನು ಮತ್ತೆ ಮತ್ತೆ ತಾಗಿಸಿ ನೋಡಬೇಕು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಮಾರುತಕ್ಕೆ ಮೂತಿಯ ಕೆಳಗೊಂದು ಚಕ್ರ, ಹಿಂದೆ ಎರಡು. ಭಾರವೆಲ್ಲ ಹಿಂದಕ್ಕೆ ಬಿದ್ದರೆ ಸಿದ್ಧವಾದ ಮಾದರಿ ಮೂತಿಯನ್ನು ಮೇಲೆತ್ತಿ ಬಾಲದ ಮೇಲೆ ಕುಳಿತುಬಿಡುತ್ತದೆ. ಮೂತಿಯೊಳಗೆ ಸೀಸದ ಒಂದೆರಡು ಚೂರುಗಳನ್ನು ತುಂಬಿದರೆ ಆ ತೊಂದರೆ ತಪ್ಪುತ್ತದೆ. ಆದರೆ ಅದನ್ನು ಮೂತಿ ಮುಚ್ಚುವ ಮೊದಲೇ ತುಂಬಬೇಕು.