ಪಾಠ 12: ಅಪೀಲು ಹಾಕಿದರೆ ಸಾಕೆ?

ಗಂಗಮ್ಮ ಎಂಬ ಹೆಣ್ಣುಮಗಳು ಎಂದು ಇಟ್ಟುಕೊಳ್ಳೋಣ. ಆಕೆಯ ಮನೆಯ ಮೇಲೆ ದಾವೆ ಇತ್ತು. ಕೋರ್ಟು ತೀರ್ಪು ಕೊಟ್ಟಿತು. ಮನೆ ಬಿಟ್ಟುಕೊಡಬೇಕು ಎಂದು ಡಿಕ್ರಿ ಆಯಿತು. ಗಂಗಮ್ಮ ಮೇಲಿನ ಕೋರ್ಟಿಗೆ ಮೇಲ್ಮನವಿ ಹಾಕಿದಳು. ಮೇಲ್ಮನವಿ ಎಂದರೆ ಅಪೀಲು.

"ಅಪೀಲು ಹಾಕಿದೀನಿ. ಇನ್ನು ನನ್ನ ಮನೆ ಯಾರೂ ಮುಟ್ಟಂಗಿಲ್ಲ" ಎಂದು ನೆಮ್ಮದಿಯಾಗಿದ್ದಳು.

ಒಂದು ದಿನ ಕೋರ್ಟಿನಿಂದ ನೋಟೀಸು ಬಂತು. ಗಂಗಮ್ಮ ಅಕ್ಷರ ಕೂಡಿಸಿ ತಾನೇ ಓದಿದಳು. ಎದುರುಗಾರ ಅಮಲ್ಜಾರಿ ಅರ್ಜಿ ಹಾಕಿದ್ದ. ಅಮಲ್ಜಾರಿ ಎಂದರೆ ತೀರ್ಪನ್ನು ಜಾರಿಗೆ ತರುವುದು. ಗಂಗಮ್ಮನ ಎದೆ ಧಸಕ್ಕೆಂದಿತು. ನೋಟೀಸು ಹಿಡಿದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದಳು. ಅಲ್ಲಿ ಒಬ್ಬ ವಕೀಲರಮ್ಮ ಇದ್ದರು.

"ಅಮ್ಮಾವ್ರೇ, ಅಪೀಲು ಹಾಕಿದೀನಲ್ಲ, ಮತ್ತೆ ಇದ್ಯಾಕೆ ಬಂತು?"

"ಅಪೀಲು ಬೇರೆ, ತಡೆಯಾಜ್ಞೆ ಬೇರೆ ಗಂಗಮ್ಮ. ಬರೀ ಅಪೀಲು ಹಾಕಿದರೆ ತೀರ್ಪು ನಿಲ್ಲಲ್ಲ. ಜಾರಿ ನಿಲ್ಲಿಸಿ ಅಂತ ಬೇರೆ ಅರ್ಜಿ ಹಾಕಬೇಕು. ಅದನ್ನೇ ಜನ ಸ್ಟೇ ಅಂತಾರೆ."

"ಕೇಳಿದ ಕೂಡಲೇ ಕೊಡ್ತಾರಾ?"

"ಇಲ್ಲ. ಕೋರ್ಟು ಮೂರು ವಿಷಯ ನೋಡುತ್ತೆ. ಒಂದು, ಸ್ಟೇ ಕೊಡದಿದ್ದರೆ ನಿಮಗೆ ದೊಡ್ಡ ನಷ್ಟ ಆಗುತ್ತಾ? ಎರಡು, ತಡಮಾಡದೆ ಕೇಳಿದೀರಾ? ಮೂರು, ಜಾಮೀನು ಕೊಡ್ತೀರಾ?"

"ಜಾಮೀನು ಯಾಕೆ?"

"ನಾಳೆ ಅಪೀಲಿನಲ್ಲಿ ಸೋತರೆ ತೀರ್ಪಿನಂತೆ ನಡೀತೀರಿ ಅನ್ನೋ ಭದ್ರತೆಗೆ. ಹಣದ ಡಿಕ್ರಿಯಾದರೆ ಹಣವನ್ನೇ ಕೋರ್ಟಿನಲ್ಲಿ ಕಟ್ಟಿ ಅನ್ನಬಹುದು."

"ವಕೀಲರಿಗೆ ಕೊಡೋಕೆ ದುಡ್ಡಿಲ್ಲ, ಅಮ್ಮಾವ್ರೇ."

"1987ರ ಕಾನೂನು ಸೇವೆಗಳ ಕಾಯ್ದೆ ಇದೆ. ಹೆಂಗಸರು ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಕೇಳಬಹುದು. ತೀರ್ಪಿನ ನಕಲು, ಅಪೀಲಿನ ಕಾಗದ, ಈ ನೋಟೀಸು ತನ್ನಿ. ನಾಳೆ ಅಲ್ಲ, ಇವತ್ತೇ. ಮನೆ ಕೈಬಿಟ್ಟ ಮೇಲೆ ತಡೆಯೋಕೆ ಏನು ಉಳಿಯುತ್ತೆ?"

ಅರ್ಜಿ ಹೋಯಿತು. ಈ ಮನೆ ಬಿಟ್ಟರೆ ಮಕ್ಕಳಿಗೆ ಬೇರೆ ನೆಲೆ ಇಲ್ಲ ಎಂದು ಗಂಗಮ್ಮ ಪ್ರಮಾಣಪತ್ರದಲ್ಲಿ ಹೇಳಿದಳು. ಕೆಳಗೆ ಹೆಬ್ಬೆಟ್ಟು ಒತ್ತಲಿಲ್ಲ. ಓದಿ, ಸಹಿ ಹಾಕಿದಳು. ಕೋರ್ಟು ಮುಂದಿನ ತಾರೀಖಿನವರೆಗೆ ತಡೆಯಾಜ್ಞೆ ಕೊಟ್ಟಿತು. ಅದರ ನಕಲನ್ನು ವಕೀಲರಮ್ಮ ಕೂಡಲೇ ಕೆಳಗಿನ ಕೋರ್ಟಿಗೆ ಮುಟ್ಟಿಸಿದರು. ಆ ಕೋರ್ಟಿಗೆ ತಿಳಿದ ದಿನದಿಂದಲೇ ತಡೆಯಾಜ್ಞೆಗೆ ಬಲ.

"ನಾನು ಗೆದ್ದೆನಾ?" ಎಂದಳು ಗಂಗಮ್ಮ.

"ಇನ್ನೂ ಇಲ್ಲ. ಅಪೀಲು ನಡೀಬೇಕು. ಅಲ್ಲಿವರೆಗೆ ಮನೆ ಉಳಿಸಿಕೊಳ್ಳೋ ದಾರಿ ಇದು. ತಾರೀಖು ಮರೀಬೇಡಿ."

ನೆನಪಿಡಿ

1. ಸಿವಿಲ್ ದಾವೆಯಲ್ಲಿ ಹೈಕೋರ್ಟಿಗೆ ಅಪೀಲು ಹಾಕಲು 90 ದಿನ, ಬೇರೆ ಮೇಲಿನ ಕೋರ್ಟಿಗೆ 30 ದಿನ ಗಡುವು. ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಎಣಿಸುವುದಿಲ್ಲ.
2. ಗಡುವು ಮೀರಿದರೆ ಸ್ಟೇ ಸಿಗುವುದು ಕಷ್ಟ. ತಡ ಯಾಕಾಯಿತು ಎಂದು ಮೊದಲು ಹೇಳಬೇಕು.
3. ಅಪೀಲು ಹಾಕುವ ಮುಂಚೆಯೂ, ಗಡುವಿನ ಒಳಗೆ, ತೀರ್ಪು ಕೊಟ್ಟ ಕೋರ್ಟಿನಲ್ಲೇ ಸ್ಟೇ ಕೇಳಬಹುದು.
4. ಕೋರ್ಟು ಹಾಕಿದ ಷರತ್ತು ತಪ್ಪಿದರೆ ಸ್ಟೇ ಹೋಗಬಹುದು.
5. ಉಚಿತ ಕಾನೂನು ನೆರವಿಗೆ ಫೋನ್: 15100.

ಅಭ್ಯಾಸ

ಬಿಟ್ಟ ಜಾಗ ತುಂಬಿರಿ:
ಅಪೀಲು ಬೇರೆ, ______ ಬೇರೆ.
ಹೈಕೋರ್ಟಿಗೆ ಅಪೀಲು ಹಾಕಲು ______ ದಿನ.

ಉತ್ತರ ಬರೆಯಿರಿ:
ಸ್ಟೇ ಕೊಡುವ ಮುಂಚೆ ಕೋರ್ಟು ನೋಡುವ ಮೂರು ವಿಷಯ ಯಾವುವು?

ಮಾತಾಡಿ:
ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿ ಎಲ್ಲಿದೆ? ಕೇಳಿ ತಿಳಿದು, ಪುಸ್ತಕದಲ್ಲಿ ಬರೆದಿಡಿ.