ಮನೆಯ ಮರಣ, ಮನದ ಸೂತಕ

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳಿಗೆ ವೀರಶೈವ ಧರ್ಮದಲ್ಲಿ ಎಡೆಯಿಲ್ಲವೆಂಬುದು ಲಿಂಗದೀಕ್ಷೆ ಪಡೆದ ಮಕ್ಕಳಿಗೂ ತಿಳಿದ ಸಂಗತಿ. ಮನೆಯಲ್ಲಿ ಒಬ್ಬರು ಲಿಂಗೈಕ್ಯರಾದರೆ ಅವರಿಗೆ ವಿಭೂತಿ ಧರಿಸಿ, ಪತ್ರೆಯನ್ನೇರಿಸಿ, ಇಷ್ಟಲಿಂಗಸಹಿತವಾಗಿ ಕುಳ್ಳಿರಿಸಿ ಸಮಾಧಿ ಮಾಡಿ ಬಂದವರು ಮೈಲಿಗೆಯ ದಿನಗಳನ್ನೆಣಿಸದೆ ತಮ್ಮ ಲಿಂಗಪೂಜೆಯನ್ನು ಮುಂದುವರಿಸುತ್ತಾರೆ. ಆಚಾರವು ಇಷ್ಟು ಸ್ಪಷ್ಟವಾಗಿದೆ. ಆದರೆ ಮುಂಬಾಗಿಲಲ್ಲಿ ತಡೆಯಲ್ಪಟ್ಟ ಸೂತಕವು ಭಯದ ವೇಷ ತಾಳಿ ಹಿತ್ತಿಲ ಬಾಗಿಲಿನಿಂದ ಒಳಹೊಗುವುದುಂಟು. ಒಡಹುಟ್ಟಿದವರನ್ನು ಕೊಂಡೊಯ್ದ ರೋಗವು ತನ್ನ ಮೈಯಲ್ಲಿಯೂ ಅಡಗಿ ಕುಳಿತಿದೆ, ಮುಂದಿನ ಸರದಿ ತನ್ನದೇ ಎಂಬ ಶಂಕೆಯೇ ಆ ವೇಷ. ಮೈಲಿಗೆಯನ್ನು ನಂಬದ ಭಕ್ತನೂ ಈ ಸೂತಕವನ್ನು ವರ್ಷಗಟ್ಟಲೆ ಹೊತ್ತು ತಿರುಗುವುದು ಕಂಡುಬರುತ್ತದೆ.

ದೃಷ್ಟಾಂತಕ್ಕಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಉಡುಪಿಗೆ ಪಡುವಣದ ಹೂಡೆಯಲ್ಲಿ, ಸ್ವರ್ಣಾ ಮತ್ತು ಸೀತಾ ನದಿಗಳು ಕಡಲನ್ನು ಸೇರುವ ಕೋಡಿಬೆಂಗ್ರೆಗೆ ಅನತಿದೂರದಲ್ಲಿ, ರಾಣೆಬೆನ್ನೂರಿನ ಕಡೆಯಿಂದ ಉದ್ಯೋಗಕ್ಕಾಗಿ ಬಂದು ನೆಲೆಸಿದ ಒಬ್ಬ ಗೃಹಸ್ಥ. ಕೆಳದಿಯ ಅರಸರು ಈ ತೀರವನ್ನು ಆಳಿದ್ದರೂ ಇಲ್ಲಿ ಲಿಂಗವಂತರ ಮನೆಗಳು ವಿರಳ. ದುಃಖ ಬಂದಾಗ ಜಗಲಿಗೆ ಬಂದು ಕೂರುವ ಬಂಧುಗಳಿಲ್ಲ. ಊರಿನಲ್ಲಿದ್ದ ಆತನ ಅಣ್ಣ 48ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಲಿಂಗೈಕ್ಯನಾದ. ಕಾರ್ಯ ಮುಗಿಸಿ ಮರಳಿದ ಮೂರನೆಯ ವಾರದಿಂದ ಈತನಿಗೆ ಎಡದೋಳಿನಲ್ಲಿ ನೋವು. ಇ.ಸಿ.ಜಿ. ತೆಗೆಸಿದ್ದಾಯಿತು, ರಕ್ತ ಪರೀಕ್ಷೆಯಾಯಿತು, ದೋಷವಿಲ್ಲವೆಂದು ವೈದ್ಯರು ಹೇಳಿದರು. ಆ ಮಾತಿನ ಬಲ ನಾಲ್ಕು ದಿನ ನಿಂತಿತು. ಐದನೆಯ ರಾತ್ರಿ ಕಡಲಿನ ಮೊರೆತದ ನಡುವೆ ಎದ್ದು ಕುಳಿತು ಮತ್ತೆ ಮಣಿಕಟ್ಟಿನ ನಾಡಿ ಹಿಡಿದ. "ಏನೂ ಆಗಿಲ್ರೀ, ಮಲಗ್ರಿ" ಎಂದು ಮಡದಿ ಹೇಳುವುದು, ಹೇಳಿಸಿಕೊಂಡು ಈತ ಮಲಗುವುದು, ಮರುದಿನ ಮತ್ತೆ ಅದನ್ನೇ ಕೇಳುವುದು ನಿತ್ಯದ ವ್ರತವಾಯಿತು.

ಇದನ್ನು ಹೇಡಿತನವೆಂದು ಹಳಿಯುವುದು ಅವಿವೇಕ. ಭಯಗೊಂಡಾಗ ಗುಂಡಿಗೆ ಬೇಗ ಬಡಿಯುವುದು, ಉಸಿರು ಮೇಲೇರುವುದು, ಅಂಗೈ ಬೆವರುವುದು, ಎದೆಯ ಸ್ನಾಯುಗಳು ಬಿಗಿಯುವುದು ದೇಹದ ಸಹಜಧರ್ಮ. ಆ ಬಡಿತವನ್ನೇ ರೋಗಲಕ್ಷಣವೆಂದು ಬಗೆದರೆ ಭಯವು ಇಮ್ಮಡಿಸುತ್ತದೆ. ಭಯ ಇಮ್ಮಡಿಸಿದರೆ ಬಡಿತವೂ ಇಮ್ಮಡಿಸುತ್ತದೆ. ನೋವು ಸುಳ್ಳಲ್ಲ, ಅದಕ್ಕೆ ಹಚ್ಚಿದ ಅರ್ಥ ಸುಳ್ಳು. ಪ್ರತಿ ಪರೀಕ್ಷೆಯೂ ಕ್ಷಣಕಾಲ ಸಮಾಧಾನ ನೀಡಿ, ಇನ್ನೊಂದು ಪರೀಕ್ಷೆಯ ಹಸಿವನ್ನು ಬೆಳೆಸುತ್ತದೆ.

ಒಂದು ಮನೆಗೆ ಬರುವುದು ಒಂದು ಜಿಲ್ಲೆಗೇ ಬಂದ ಪ್ರಸಂಗವೂ ಇದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹಠಾತ್ತನೆ ಅಗಲಿದಾಗ ನಾಡಿನ ಎಷ್ಟೋ ಮನೆಗಳು ತಮ್ಮ ಮಗನನ್ನೇ ಕಳೆದುಕೊಂಡಂತೆ ಮರುಗಿದವು; ಹೃದ್ರೋಗದ ಆಸ್ಪತ್ರೆಗಳಲ್ಲಿ ತಪಾಸಣೆಗೆ ಬರುವವರ ಸಂಖ್ಯೆ ಏರಿತು. 2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಹೃದಯಸಂಬಂಧಿ ಮರಣಗಳು ವರದಿಯಾದವು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಲ್ಲಿಯೇ ಜನ ಸಾಲುಗಟ್ಟಿದರು. ಸರಕಾರವು ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಮರಣಗಳಲ್ಲಿ ಅಸಹಜವಾದ ಹಠಾತ್ ಏರಿಕೆಯಾಗಿಲ್ಲವೆಂದು ಸಮಿತಿ ತಿಳಿಸಿತು. ಸತ್ತವರ ಮನೆಯ ದುಃಖ ಇದರಿಂದ ಕಡಿಮೆಯಾಗಲಿಲ್ಲ, ಆಗತಕ್ಕದ್ದೂ ಅಲ್ಲ. ಆದರೆ ಸಾಲಿನಲ್ಲಿ ನಿಂತವರೆಲ್ಲರೂ ರೋಗಿಗಳಾಗಿರಲಿಲ್ಲ. ಬಹುಮಂದಿಯನ್ನು ಅಲ್ಲಿಗೆ ಎಳೆದು ತಂದುದು ಸುದ್ದಿ ಹುಟ್ಟಿಸಿದ ಭಯ.

ಹಾಗಾದರೆ ಭಕ್ತನು ವೈದ್ಯರ ಬಳಿಗೆ ಹೋಗಬಾರದೆ? ಈ ಅಪಾರ್ಥಕ್ಕೆ ಎಡೆಗೊಡಬಾರದು. ಸಿರಿವಂತರು ಕಟ್ಟಿಸುವ ಗುಡಿಗೆ ಪ್ರತಿಯಾಗಿ ತಮ್ಮ ಕಾಯವನ್ನೇ ಗುಡಿಯಾಗಿ ಕಂಡವರು ಬಸವಣ್ಣನವರು; ಗುಡಿಯ ಗೋಡೆ ಬಿರುಕು ಬಿಟ್ಟಿದೆಯೇ ಎಂದು ನೋಡುವುದು ಅಪಚಾರವಲ್ಲ. ಶರಣರಲ್ಲಿ ವೈದ್ಯ ಸಂಗಣ್ಣನಂಥ ಚಿಕಿತ್ಸಕನೇ ಇದ್ದನು. ರೋಗ, ಔಷಧಗಳ ಪರಿಭಾಷೆಯಿಂದಲೇ ಆತನು ಭವರೋಗದ ವಿಚಾರವನ್ನು ಹೇಳಿದನು. ತಂದೆ ಅಥವಾ ಅಣ್ಣತಮ್ಮಂದಿರಿಗೆ 55 ವರ್ಷದೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65 ವರ್ಷದೊಳಗೆ ಹೃದ್ರೋಗ ಬಂದಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳನ್ನು ಪರೀಕ್ಷಿಸಿಕೊಳ್ಳುವುದು ಕರ್ತವ್ಯವೇ ಸರಿ. ಎದೆಯನ್ನು ಹಿಂಡುವಂಥ ನೋವು ಬೆವರಿನೊಡನೆ ಬಂದು ನಿಲ್ಲದಿದ್ದರೆ, ಭಯವೋ ರೋಗವೋ ಎಂದು ತರ್ಕಿಸುತ್ತ ಕೂರದೆ ತತ್‌ಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು. ಹೀಗೆ ಒಬ್ಬ ವೈದ್ಯರನ್ನು ಗೊತ್ತುಮಾಡಿಕೊಂಡು, ಮುಂದಿನ ತಪಾಸಣೆ ಯಾವಾಗ ಎಂಬುದನ್ನು ಅವರಿಂದಲೇ ಕೇಳಿ, ಅದರಂತೆ ನಡೆಯಬೇಕು. ಆ ದಿನ ಬರುವ ಮೊದಲು ಹತ್ತು ಸಲ ನಾಡಿ ಹಿಡಿಯುವುದು ದೇಹರಕ್ಷಣೆಯಲ್ಲ. ಅದು ರೋಗದ ಪೂಜೆ.

ಪೂಜೆಯೆಂಬ ಮಾತು ಅಲಂಕಾರಕ್ಕೆ ಹೇಳಿದ್ದಲ್ಲ. ಲಿಂಗಪೂಜೆಯಲ್ಲಿ ಎಡಗೈ ಲಿಂಗಕ್ಕೆ ಪೀಠ. ದೃಷ್ಟಿ, ಮನಸ್ಸು, ಉಸಿರು ಮೂರೂ ಅಲ್ಲಿ ನೆಲೆಗೊಳ್ಳಬೇಕು. ಅಂಜಿದವನೂ ಅದೇ ಎಡಗೈಯನ್ನು ಚಾಚುತ್ತಾನೆ, ಅದೇ ಏಕಾಗ್ರತೆಯಿಂದ ಉಸಿರನ್ನು ಕಾಯುತ್ತಾನೆ, ಕರಸ್ಥಲವನ್ನು ಬಿಟ್ಟು ಮಣಿಕಟ್ಟನ್ನು ನೋಡುತ್ತಾನೆ, ಅಷ್ಟೇ. ಆತನಲ್ಲಿ ನಿಷ್ಠೆಗೆ ಕೊರತೆಯಿಲ್ಲ. ನಿಷ್ಠೆಯ ಎಡೆ ತಪ್ಪಿದೆ. ಆದುದರಿಂದ ನಾಡಿ ಹಿಡಿಯಬೇಕೆಂಬ ತವಕ ಬಂದಾಗ ಅದರೊಡನೆ ಗುದ್ದಾಡುವುದಕ್ಕಿಂತ, ಕಾಲುಗಂಟೆ ಮುಂದೂಡಿ, ಲಿಂಗವನ್ನು ಅಂಗೈಗೆ ತಂದುಕೊಂಡು ಷಡಕ್ಷರಿಯನ್ನು ಮೆಲ್ಲನೆ ಜಪಿಸುವುದು ಲೇಸು. ಮೊದಲ ದಿನವೇ ಭಯ ಓಡಿಹೋಗುವುದಿಲ್ಲ. ಎದೆ ಬಡಿಯುತ್ತಿರುವಾಗಲೇ ಜಪ ನಡೆಯಲಿ. ಬಡಿತವು ತಾನೇ ಏರಿ ತಾನೇ ಇಳಿಯುವುದನ್ನು ನಾಲ್ಕಾರು ಸಲ ಕಂಡ ಮೇಲೆ ಅದರ ಬೆದರಿಕೆ ಕುಂದುತ್ತದೆ. ಕಾಯಕವನ್ನೂ ಭಯ ಕಳೆದ ಮೇಲೆ ಮಾಡುವೆನೆಂದು ಬಿಡಬಾರದು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಕಳಚಿ ಬಿದ್ದರೂ ಹಗ್ಗದ ಕಾಯಕವನ್ನು ಬಿಡದ ನುಲಿಯ ಚಂದಯ್ಯನ ಪ್ರಸಂಗ ಶೂನ್ಯಸಂಪಾದನೆಯನ್ನು ಬಲ್ಲವರಿಗೆ ಹೊಸದಲ್ಲ.

ಮನೆಯವರ ಪಾಲೂ ಇದೆ. "ಏನೂ ಆಗಿಲ್ಲ" ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಹೇಳುವುದು ಪ್ರೀತಿಯೆಂದು ಕಂಡರೂ, ಅದು ಪರೀಕ್ಷೆಯಂತೆಯೇ ಕ್ಷಣಿಕ. "ನಿಮಗೆ ಹೆದರಿಕೆ ಆಗೇದ, ಗೊತ್ತದ, ಬರ್ರಿ, ಸ್ವಲ್ಪ ನಡೆದು ಬರೋಣ" ಎಂದು ಕರೆದೊಯ್ಯುವ ಮಡದಿ ಹೆಚ್ಚಿನ ಉಪಕಾರ ಮಾಡುತ್ತಾಳೆ. ನಿದ್ರೆ, ಊಟ, ಕಾಯಕಗಳು ಕೆಟ್ಟು ವಾರಗಳು ಉರುಳಿದರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಹೂಡೆಯವರಿಗೆ 1953ರಲ್ಲಿ ಸ್ಥಾಪಿತವಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸಮೀಪದಲ್ಲಿಯೇ ಇದೆ. ದೂರದವರಿಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ 14416 ಇದೆ. ಹುಚ್ಚರು ಮಾತ್ರ ಅಲ್ಲಿಗೆ ಹೋಗುತ್ತಾರೆಂಬ ಜನರ ಮಾತು ಇನ್ನೊಂದು ಬಗೆಯ ಸೂತಕ.

ಹಲವೊಮ್ಮೆ ಈ ಭಯದ ತಳದಲ್ಲಿ ಅಳದೆ ಉಳಿದ ಅಳುವಿರುತ್ತದೆ. ಹೂಡೆಯ ಗೃಹಸ್ಥನು ಅಣ್ಣನ ಎದೆಯ ವಿಚಾರವನ್ನು ನೂರು ಸಲ ಯೋಚಿಸಿದ್ದನೇ ಹೊರತು ಅಣ್ಣನ ವಿಚಾರವನ್ನು ಒಮ್ಮೆಯೂ ಆಡಿರಲಿಲ್ಲ. ವರ್ಷದ ಸ್ಮರಣೆಗೆ ರಾಣೆಬೆನ್ನೂರಿಗೆ ಹೋದಾಗ, ಗಣಾರಾಧನೆಯಲ್ಲಿ ಜಂಗಮರ ಪ್ರಸಾದವಾದ ಮೇಲೆ, ಅಣ್ಣನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತನ್ನನ್ನು ಶಾಲೆಗೆ ಒಯ್ಯುತ್ತಿದ್ದುದನ್ನು ಹೇಳಹೊರಟು ಆತನ ಗಂಟಲು ಕಟ್ಟಿತೆಂದು ಭಾವಿಸಬಹುದು. ಎಲ್ಲರೂ ಎದ್ದುಹೋದ ಮೇಲೆ ಅಣ್ಣನ ಮಗ ಬಳಿಗೆ ಬಂದು ಕುಳಿತು ಮೆಲ್ಲನೆ ಕೇಳುತ್ತಾನೆ: "ಕಾಕಾ, ನಾನೂ ತೋರಿಸಿಕೋಬೇಕೇನು?"

"ಒಮ್ಮೆ ತೋರಿಸೋಣು. ನಾಳೆ ನಾನೂ ನಿನ್ನ ಜೋಡಿ ಬರ್ತೀನಿ. ಅಪ್ಪಗ ನಲವತ್ತೆಂಟು ಆಗಿತ್ತು ಅಂತ ಡಾಕ್ಟರಿಗೆ ಹೇಳು. ಈಗ ಊಟ ಮಾಡು, ನೀನಿನ್ನೂ ಉಂಡಿಲ್ಲ."